ರಾಮದುರ್ಗಕ್ಕೆ ಇದ್ದಿಲು ಹೊತ್ತು

ಬೈಲಹೊಂಗಲದ ಬಸ್‌ಸ್ಟ್ಯಾಂಡಿಗೆ ನಾನು ಬಂದು ಮುಟ್ಟಿದಾಗ ಕಿತ್ತೂರ ಬಸ್ಸು ಇನ್ನೂ ಡಿಪೋದಿಂದ ಹೊರಗೇ ಬಂದಿರಲಿಲ್ಲ. ಎಲ್ಲ ಬಸ್ಸುಗಳಿಗೂ ನಾನು ಹೀಗೆಯೇ ಬರುವುದು. ತಪ್ಪೀತೆಂಬ ಭಯಕ್ಕೆ ಬೇಗ ಬರುತ್ತೇನೆ. ಬೇಗ ಬಂದ ಮೇಲೆ, ಇವತ್ತು ಈ ಬಸ್ಸು ರದ್ದಾಗಿರಬಹುದೇ ಎಂದು ಹೆದರುತ್ತೇನೆ. ಕಂಟ್ರೋಲರ್ ಸಾಹೇಬರ ಕಿಟಕಿಗೆ ಹೋಗಿ ಮತ್ತೆ ಮತ್ತೆ ವಿಚಾರಿಸಿದೆ. ಕೊನೆಗೆ ಅವರು ತಲೆ ಎತ್ತದೆಯೇ, “ಹೋಗಿ ಕುಂದರ್ರಿ. ಬಸ್ಸು ನಿಮ್ಮನ್ನ ಬಿಟ್ಟ ಹೋಗಂಗಿಲ್ಲ, ನೀವೂ ಅದನ್ನ ಬಿಡಾವ್ರಲ್ಲ” ಎಂದರು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಚಳಿ ಮುಗಿದು ಬಿಸಿಲು ಶುರುವಾಗುತ್ತಿತ್ತು. ನಾನು ಒಂದು ಹತ್ತಿ ಜಿನ್ನಿನಲ್ಲಿ ಗುಮಾಸ್ತ. ಹತ್ತಿಯಿಂದ ಕಾಳು ಬಿಡಿಸಿ ಅರಳೆ ಬೇರೆ ಮಾಡುವ ಕಾರ್ಖಾನೆ ಅದು. ಕಾಳು ಎಣ್ಣೆಗೆ ಹೋಗುತ್ತದೆ, ಹಿಂಡಿ ಎಮ್ಮೆಗೆ ಹೋಗುತ್ತದೆ, ಕಸ ಇಟ್ಟಿಗೆ ಭಟ್ಟಿಗೆ ಹೋಗುತ್ತದೆ. ಎಲ್ಲಿಗೂ ಹೋಗದೆ ಅಲ್ಲಿಯೇ ಉಳಿದವನು ನಾನೊಬ್ಬ. ಕೂತಲ್ಲಿ ಕೂತು ಪ್ಲಾಸ್ಟಿಕ್ ಚೀಲಗಳ ಬಗ್ಗೆ, ಹಾದಿಗಾಗಿ ಕಡಿದ ಮರಗಳ ಬಗ್ಗೆ ಪತ್ರಿಕೆಗಳಿಗೆ ಬರೆಯುತ್ತಿದ್ದೆ. ಹಾಗಾಗಿ ಊರಲ್ಲಿ ನನಗೆ ‘ಪರಿಸರದವರು’ ಎಂದು ಹೆಸರು ಬಿದ್ದಿತ್ತು. ಗೌರವದಿಂದ ಬಿದ್ದ ಹೆಸರಲ್ಲ.

ಈ ಪ್ರವಾಸಕ್ಕೆ ಕಾರಣ ರಾಮದುರ್ಗದಲ್ಲಿದ್ದ ನನ್ನ ಹೆಂಡತಿಯ ತಮ್ಮ ಮಲ್ಲೇಶಿ. ಅವನು ನೇಕಾರರ ನೂಲಿಗೆ ಬಣ್ಣ ಹಾಕುವವನು. ಮಲಪ್ರಭೆಯ ದಂಡೆಗೆ ಹತ್ತಿದಂತೆ ಅವನ ಮನೆ, ಮನೆಯ ಹಿಂದೆ ತಗಡಿನ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಹಂಡೆಗಳು. ನೂಲು ತೊಳೆದ ನೀಲಿ ನೀರು ಕಾಲುವೆಯಲ್ಲಿ ಹರಿದು ಹೊಳೆ ಸೇರುತ್ತಿತ್ತು. ಹೊಳೆ ತುಂಬಿ ಹರಿಯುವಾಗ ಯಾರೂ ಮಾತಾಡಿರಲಿಲ್ಲ. ನೀರು ಇಳಿದು ಹೊಳೆ ಗುಂಡಿಗುಂಡಿಯಾಗಿ ನಿಂತಾಗ, ಕೆಳಗಿನ ಊರಿನವರು ಬಂದು ಬಾಗಿಲಲ್ಲಿ ನಿಂತರು. ಅವರ ಬಟ್ಟೆಗೆ ನೀಲಿ ಹತ್ತುತ್ತಿತ್ತು, ಎಮ್ಮೆಗಳು ನೀರಿಗೆ ಬಾಯಿ ಹಚ್ಚುತ್ತಿರಲಿಲ್ಲ. ಹಿರಿಯರ ಮುಂದೆ ಮಾತಾಯಿತು: ಬರುವ ಸೋಮವಾರ ಅವರು ಬಂದು ನೋಡುತ್ತಾರೆ, ನೀರು ಚೊಕ್ಕ ಇದ್ದರೆ ಸರಿ, ಇಲ್ಲದಿದ್ದರೆ ಕೊಟ್ಟಿಗೆ ಬಂದ್. ಬಂದ್ ಆದರೆ ಮಲ್ಲೇಶಿ ಹೆಂಡತಿ ಮಕ್ಕಳನ್ನು ಬಿಟ್ಟು ಗಡಿಯಾಚೆಯ ಮಗ್ಗದ ಊರಾದ ಇಚಲಕರಂಜಿಗೆ ಹೋಗಿ ಬೇರೆಯವರ ಹಂಡೆ ಕಲಕಬೇಕು. ಅವನ ನೂಲನ್ನೇ ನಂಬಿದ್ದ ಓಣಿಯ ಮಗ್ಗಗಳ ಗತಿ ಬೇರೆ.

ಇದರಲ್ಲಿ ನಾನು ಸಿಕ್ಕಿಬಿದ್ದದ್ದು ದೀಪಾವಳಿಯ ಊಟದಿಂದ. ಅತ್ತೆಯ ಮನೆಯಲ್ಲಿ ಹೋಳಿಗೆ ಉಂಡು ಗೋಡೆಗೆ ಒರಗಿ, ಇದ್ದಿಲು ಉಸುಕಿನಿಂದ ಎಂಥ ಹೊಲಸು ನೀರನ್ನೂ ತಿಳಿ ಮಾಡಬಹುದು ಎಂದು ಭಾಷಣ ಮಾಡಿದ್ದೆ. ಹೊಟ್ಟೆ ತುಂಬಿದ ಮೇಲೆ ಮಾತಾಡುವುದು ನನ್ನ ದೊಡ್ಡ ದೌರ್ಬಲ್ಯ. ಮಲ್ಲೇಶಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಸಿಮೆಂಟಿನ ತೊಟ್ಟಿಯನ್ನೇ ಕಟ್ಟಿಸಿಬಿಟ್ಟಿದ್ದ. ಅದರೊಳಗೆ ಏನೇನು ತುಂಬಬೇಕೆಂದು ಫೋನು ಮಾಡಿ ಕೇಳಿದಾಗ ನನಗೆ ನೀರಿಳಿಯಿತು. ಹೆಂಡತಿ ಶಾಂತಾ ಒಂದೇ ಮಾತು ಹೇಳಿದಳು: “ನೀವ ಹೇಳೀರಿ, ನೀವ ಹೋಗಿ ತುಂಬ್ರಿ.”

ಕಿತ್ತೂರಿಗೆ ಹೋದದ್ದು ಇಂಥದೊಂದು ತೊಟ್ಟಿಯನ್ನು ಕಣ್ಣಿನಿಂದ ನೋಡಲಿಕ್ಕೆ. ನಾನು ಓದಿದ್ದು ಮಾತ್ರ, ನೋಡಿರಲಿಲ್ಲ. ಹೆದ್ದಾರಿಯ ಬದಿಗೆ ಹೋಟೆಲು ಇಟ್ಟಿದ್ದ ಶಿವಪುತ್ರಪ್ಪ ಪಾತ್ರೆ ಭಾಂಡೆ ತೊಳೆದ ನೀರನ್ನು ಹೀಗೆ ಸೋಸಿ ಹಿತ್ತಲಿಗೆ ಬಿಡುತ್ತಾನೆಂದು ಕೇಳಿದ್ದೆ. ಬಸ್ಸಿಳಿದಾಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಸಾಲು ಮರಗಳೆಲ್ಲ ಉರುಳಿ, ಕೆಂಪು ಧೂಳಿನಲ್ಲಿ ರಾಕ್ಷಸ ಯಂತ್ರಗಳು ಓಡಾಡುತ್ತಿದ್ದವು. ನೆರಳು ಹೋದ ಹೋಟೆಲಿನ ಮುಂದೆ ಶಿವಪುತ್ರಪ್ಪ ಹಳೆಯ ಸೀರೆ ಕಟ್ಟಿ ಚಪ್ಪರ ಮಾಡಿದ್ದ.

“ನೀವೇ ಏನ್ರಿ ಗಿಡಾ ಕಡದದ್ದಕ್ಕ ಪೇಪರಿಗೆ ಬರದಾವ್ರು?” ಎಂದ.

ಹೌದು ಎಂದೆ, ಸ್ವಲ್ಪ ಎದೆ ಉಬ್ಬಿಸಿ.

“ನೀವು ಬರದ ಮರದಿನಾನ ಉಳದದ್ದನ್ನೂ ಕಡದ್ರು ನೋಡ್ರಿ.”

ಉಪ್ಪಿಟ್ಟು, ಚಹಾ ಬಂತು. ಹಿತ್ತಲಿಗೆ ಕರೆದೊಯ್ದ. ಸಾಲಾಗಿ ಮೂರು ಸಣ್ಣ ತೊಟ್ಟಿಗಳು: ಮೊದಲನೆಯದರಲ್ಲಿ ದಪ್ಪ ಕಲ್ಲು, ಎರಡನೆಯದರಲ್ಲಿ ಖಡಿ, ಅಂದರೆ ಜಲ್ಲಿಕಲ್ಲು, ಮತ್ತು ಇದ್ದಿಲು, ಮೂರನೆಯದರಲ್ಲಿ ಉಸುಕು. ಜಿಡ್ಡುಗಟ್ಟಿದ ನೀರು ಒಳಗೆ ಹೋಗಿ, ಕೊನೆಯ ನಳಿಕೆಯಿಂದ ತಿಳಿಯಾಗಿ ಇಳಿಯುತ್ತಿತ್ತು. ಆ ನೀರಿಗೆ ಬಾಳೆ, ಮೆಂತ್ಯ, ಕೊತ್ತಂಬರಿ ಹುಲುಸಾಗಿ ಬೆಳೆದಿದ್ದವು.

“ಪರಿಸರದ ಮ್ಯಾಲ ನಿಮಗ ಇಷ್ಟು ಕಾಳಜಿ...” ಎಂದು ನಾನು ಶುರು ಮಾಡಿದೆ.

“ಪರಿಸರ ಗಿರಿಸರ ನನಗ ಗೊತ್ತಿಲ್ರಿ. ಬೋರು ಬತ್ತಿತ್ತು. ಟ್ಯಾಂಕರ್ ತರಿಸಿ ತರಿಸಿ ಬ್ಯಾಸರಾಗಿತ್ತು. ಈಗ ಉಪ್ಪಿಟ್ಟಿನ ಮ್ಯಾಲ ಉದರಸಾಕ ಕೊತ್ತಂಬರಿ ಪುಕ್ಕಟ ಸಿಗತೈತಿ. ಗಿರಾಕಿಗೆ ಮಾತ್ರ ಹೇಳಂಗಿಲ್ಲ, ಯಾವ ನೀರಿನ್ಯಾಗ ಬೆಳದೈತಿ ಅಂತ.”

ನಾನು ಅದಾಗಲೇ ಅವನ ಉಪ್ಪಿಟ್ಟು ತಿಂದಾಗಿತ್ತು. ಅವನು ಮಾತ್ರ ಯಾವ ಪದರು ಎಷ್ಟು ದಪ್ಪ ಎಂದು ಗೇಣಿನಲ್ಲಿ ಅಳೆದು ತೋರಿಸಿದ. ಕಟ್ಟಿಗೆ ಇದ್ದಿಲು ಬೇಗ ಪುಡಿಯಾಗಿ ನೀರು ಕಪ್ಪಾಗುತ್ತದೆ, ಕಾಯಿಚಿಪ್ಪಿನ ಇದ್ದಿಲೇ ಆಗಬೇಕು ಎಂದ. ಅದು ಸಿಗುವುದು ಸವದತ್ತಿಯಲ್ಲಿ. ಎಲ್ಲಮ್ಮನ ಗುಡ್ಡಕ್ಕೆ ಬಂದವರು ಒಡೆಸುವ ಕಾಯಿಗೆ ಲೆಕ್ಕವುಂಟೆ?

ಸಂಜೆ ಬೈಲಹೊಂಗಲಕ್ಕೆ ಮರಳಿದೆ. ಮರುದಿನ ಜಿನ್ನಿನಿಂದ ಒಂದು ಚೀಲ ಹತ್ತಿಯ ಕಸ ಕೇಳಿಕೊಂಡು, ಮೇಲಿನ ಪದರಿಗೆ ಇರಲೆಂದು ಹೊತ್ತು ಸವದತ್ತಿಯ ಬಸ್ಸು ಹತ್ತಿದೆ. ಚೀಲ ಹಗುರ, ಆದರೆ ನನ್ನ ಅರ್ಧದಷ್ಟು ಗಾತ್ರ. ಕಂಡಕ್ಟರ್ ಅದನ್ನು ಒದ್ದು ನೋಡಿದ.

“ಏನೈತ್ರಿ ಇದರಾಗ?”

“ಹತ್ತಿ ಕಸ.”

“ಲಗೇಜ ಆಗತೈತಿ.”

“ಕಸಕ್ಕೂ ಟಿಕೀಟೇನ್ರಿ?”

“ಕಸಕ್ಕಲ್ರಿ. ಕಸಾ ಹೊತಗೊಂಡ ತಿರಗಾವ್ರಿಗೆ,” ಎಂದು ಟಿಕೀಟು ಹರಿದು ಕೊಟ್ಟ. ಹಿಂದಿನ ಸೀಟಿನವರು ನಕ್ಕರು. ಸುಮಾರು ಒಂದೂವರೆ ತಾಸಿನ ಹಾದಿ. ಕಪ್ಪು ಮಣ್ಣಿನ ಎರಿ ಹೊಲಗಳಲ್ಲಿ ಕಡಲೆ ಕಿತ್ತು ಮುಗಿದಿತ್ತು, ಜೋಳ ಕೊಯ್ಲಿಗೆ ಬಂದಿತ್ತು. ನೋಡಲು ಚೆಂದವೇ. ಆದರೆ ನಾನು, ಸೋಮವಾರದ ಹೊತ್ತಿಗೆ ತೊಟ್ಟಿ ಸೋರಿದರೆ ಏನು ಗತಿ ಎಂದು ಎಣಿಸುತ್ತ, ಹೊಲಗಳನ್ನೆಲ್ಲ ಸುಮ್ಮನೆ ದಾಟಿಸಿಬಿಟ್ಟೆ.

ಸವದತ್ತಿಯಲ್ಲಿ ಚಿಪ್ಪು ಸುಡುವ ರಾಜೇಸಾಬರ ಅಂಗಳ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಚಿಪ್ಪಿನ ಗುಡ್ಡೆ, ಪಕ್ಕದಲ್ಲಿ ನೆಲದಲ್ಲಿ ಅರ್ಧ ಹುಗಿದ ಕಬ್ಬಿಣದ ಡ್ರಮ್ಮುಗಳು. ಮೊದಲು ಗುಡ್ಡದ ಹಾದಿಯ ಇಳಿಜಾರುಗಳಲ್ಲಿ ಈ ಚಿಪ್ಪುಗಳೆಲ್ಲ ಬಿದ್ದು, ಮಳೆಗಾಲದಲ್ಲಿ ನೀರು ನಿಂತು ಸೊಳ್ಳೆಗಳ ತವರಾಗಿದ್ದವಂತೆ. ಈಗ ರಾಜೇಸಾಬರ ಗಾಡಿ ಎಲ್ಲವನ್ನೂ ಹೊತ್ತು ತರುತ್ತದೆ. ಅವರ ಗಿರಾಕಿಗಳು ಅಕ್ಕಸಾಲಿಗರು ಮತ್ತು ಇಸ್ತ್ರಿಯವರು.

“ನೀವು ಯಾವ ಪೈಕಿ?” ಎಂದರು.

“ನೀರು ಸೋಸಾಕ ಬೇಕಾಗೇತ್ರಿ.”

ರಾಜೇಸಾಬರು ಕೈಯಲ್ಲಿದ್ದ ಸಲಿಕೆ ಕೆಳಗಿಟ್ಟರು. “ಬೆಂಕಿಗಂತ ಮಾಡಿದ್ದನ್ನ ನೀರಿಗೆ ಹಾಕ್ತೀರಾ?” ಅವರ ದನಿಯಲ್ಲಿ, ಮಗಳನ್ನು ಯಾವುದೋ ಕಾಣದ ಊರಿಗೆ ಕೊಡುವ ತಂದೆಯ ಸಂಕಟವಿತ್ತು. ಬಣ್ಣದ ನೀರಿನ ಕತೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, “ಹೊಳೀ ಕೆಲಸ ಅಂತೀರಿ. ಪುಡಿ ಬ್ಯಾಡ, ಗಟ್ಟಿ ಇದ್ದಲಿ ಆರಿಸಿ ಕೊಡತೇನಿ” ಎಂದು ತಾವೇ ಕುಳಿತು ಆರಿಸಿದರು. ಎರಡು ಚೀಲವಾಯಿತು. ಚೌಕಾಸಿ ಮಾಡಲು ಹೋಗಿ, ಅವರ ಮುಖ ನೋಡಿ ಕೇಳಿದಷ್ಟು ಕೊಟ್ಟೆ. ಚೀಲ ಎತ್ತಿಕೊಟ್ಟ ಮೇಲೆ ನನ್ನ ಬಿಳಿ ಅಂಗಿ ನೋಡಿ, “ಈ ಅಂಗೀನೂ ಸೋಸಬೇಕಾಗತೈತಿ ಬಿಡ್ರಿ” ಎಂದರು.

ರಾತ್ರಿ ಸವದತ್ತಿಯ ಲಾಡ್ಜಿನಲ್ಲಿ ಉಳಿದೆ. ಖಾನಾವಳಿಯ ರೊಟ್ಟಿ, ಪುಂಡಿಪಲ್ಯ, ಮೊಸರು. ಮುಂಜಾನೆ ಮುನವಳ್ಳಿಗೆ ಬಂದು ಬಸ್ಸು ಬದಲಿಸಬೇಕಾಯಿತು. ಮಲಪ್ರಭೆಯ ಅಣೆಕಟ್ಟಿನ ಹಿನ್ನೀರು ಬಹಳ ಹಿಂದೆ ಸರಿದಿದೆ ಎಂದು ಚಹಾದಂಗಡಿಯಲ್ಲಿ ಮಾತು. ಅಂಗಡಿಯವ್ವ ಗಾಜಿನ ಲೋಟಗಳನ್ನು ಬಿಟ್ಟು ತೆಳು ಪ್ಲಾಸ್ಟಿಕ್ ಕಪ್ಪು ಹಿಡಿದಿದ್ದಳು. ಕಾಲಕೆಳಗೆಲ್ಲ ಅವೇ ಚರ್ರೆನ್ನುತ್ತಿದ್ದವು. ನನಗೆ ಲೋಟದಲ್ಲಿಯೇ ಕೊಡಿರೆಂದು ಹಟ ಹಿಡಿದೆ. ಆಕೆ ಒಳಗಿಂದ ಒಂದು ಲೋಟ ತಂದು, ಧೂಳು ಹೋಗಲೆಂದು ಎರಡು ತಂಬಿಗೆ ನೀರು ಸುರಿದು ತೊಳೆದಳು. “ನೋಡ್ರಿ, ನಿಮ್ಮೊಬ್ಬರ ಚಾಕ್ಕ ಎರಡು ತಂಬಿಗಿ ನೀರು. ಇಲ್ಲಿ ನೀರು ನಾನು ಹೊತ್ತ ತರಬೇಕು, ಕಪ್ಪು ಆ ಅಂಗಡ್ಯಾವ ತಂದು ಕೊಡತಾನ.” ಚಹಾ ಬಿಸಿಯಿತ್ತು, ಕುಡಿದೆ. ಕುಡಿದದ್ದು ತಪ್ಪೋ ಸರಿಯೋ ಎಂದು ರಾಮದುರ್ಗದವರೆಗೂ ಯೋಚಿಸಿದೆ.

ಅಂದರೆ, ಯೋಚಿಸಲು ಬಿಟ್ಟಷ್ಟು ಹೊತ್ತು. ಏಕೆಂದರೆ ನನ್ನ ಪಕ್ಕದಲ್ಲಿ ಕುಳಿತ ರೈತರೊಬ್ಬರು ಒದ್ದೆ ಗೋಣಿತಾಟು ಸುತ್ತಿದ ಗಡಿಗೆಯನ್ನು ತೊಡೆಯ ಮೇಲೆ ಹಸುಗೂಸಿನಂತೆ ಹಿಡಿದಿದ್ದರು. ಮುಂದಿನ ಸೀಟಿನ ಹೆಂಗಸು ತಿರುಗಿ ತಿರುಗಿ ನೋಡಿ ಕೇಳಿದಳು:

“ಮಸರೇನ್ರಿ ಕಾಕಾ?”

“ಅಲ್ಲ ತಂಗಿ. ಹುಳ.”

“ಏನು?”

“ಎರಿಹುಳ. ಧಾರವಾಡದಾಗ ತರಬೇತಿ ಕೊಟ್ರು. ಕಸದಾಗ ಬಿಟ್ರ ಗೊಬ್ಬರ ಮಾಡತಾವ.”

ಹೆಂಗಸು ತನ್ನ ಸೆರಗನ್ನು ಎಳೆದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು. ಕಂಡಕ್ಟರ್ ಬಂದ, ಗಡಿಗೆ ಇಣುಕಿದ. “ಇವಕ್ಕ ಹೆಂಗ ಟಿಕೀಟ ಕೊಡ್ಲಿ? ಅರ್ಧಾನೋ ಪೂರಾನೋ?” ಎಂದು ತಲೆ ಕೆರೆದುಕೊಂಡ. ಆಮೇಲೆ ಅವನ ಕಣ್ಣು ನನ್ನ ಕಪ್ಪು ಚೀಲಗಳ ಮೇಲೆ ಬಿತ್ತು. ನಾನೂ ನನ್ನ ಉದ್ದೇಶವನ್ನು ಹೇಳಬೇಕಾಯಿತು. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ ಡ್ರೈವರನಿಗೆ ಕೂಗಿ ಹೇಳಿದ: “ಸ್ವಲ್ಪ ನೋಡಿ ಹೊಡಿಪಾ, ಇವತ್ತ ಬಾಳ ಶಾಣ್ಯಾ ಮಂದಿ ಕುಂತಾರ!”

ರೈತರು ಮಾತ್ರ ನನ್ನ ಕಡೆ ವಾಲಿ ಮೆಲ್ಲಗೆ, “ಬಿಸಲಿಗೆ ಇವು ಸಾಯಂಗಿಲ್ಲಲ್ರಿ?” ಎಂದು ಕೇಳಿದರು. ಅವರ ಹಣೆಯ ಗೆರೆಗಳನ್ನು ನೋಡಿ ನನಗೆ ಅಣ್ಣನೊಬ್ಬ ಸಿಕ್ಕಂತಾಯಿತು. ನೀರು ಚಿಮುಕಿಸಿರಿ ಎಂದೆ. ಇಬ್ಬರೂ ಸೇರಿ ನನ್ನ ಬಾಟಲಿಯ ನೀರು ಚಿಮುಕಿಸಿದೆವು. ಕಟಕೋಳದ ಹತ್ತಿರ ಇಳಿಯುವಾಗ ಅವರು ನನ್ನ ಇದ್ದಿಲಿಗೆ ಒಳ್ಳೆಯದಾಗಲಿ ಎಂದರು.

ರಾಮದುರ್ಗದಲ್ಲಿ ಮಲ್ಲೇಶಿ ಸೈಕಲ್ಲು ತಂದು ಕಾದಿದ್ದ. ಮೊಳಕೈಯವರೆಗೆ ನೀಲಿ ಕೈಗಳು. ಆ ನೀಲಿ ಎಂದೂ ಪೂರಾ ಹೋಗುವುದಿಲ್ಲ. ಮದುವೆಯ ದಿನ ಕೂಡ ಅವನು ನೀಲಿ ಉಗುರಿನಿಂದಲೇ ಅಕ್ಷತೆ ಹಿಡಿದಿದ್ದ. ಚೀಲಗಳನ್ನು ಸೈಕಲ್ಲಿಗೆ ಹೇರಿ ಓಣಿ ಹೊಕ್ಕೆವು. ಮಗ್ಗಗಳ ಖಟಾಖಟ್ ಎರಡೂ ಬದಿಯಿಂದ ಬರುತ್ತಿತ್ತು.

“ಮಾಮಾ, ಆಗತೈತಲ್ರಿ?” ಎಂದ.

“ಕಿತ್ತೂರಾಗ ಕಣ್ಣಾರೆ ನೋಡಿ ಬಂದೇನಿ,” ಎಂದೆ. ಭಾಂಡೆ ತೊಳೆದ ನೀರು ಬೇರೆ, ನೂಲು ತೊಳೆದ ನೀರು ಬೇರೆ ಎಂಬ ಸಂಶಯ ನನ್ನೊಳಗೆ ಸವದತ್ತಿಯಿಂದಲೇ ಕೊರೆಯುತ್ತಿತ್ತು. ಅವನಿಗೆ ಹೇಳಲಿಲ್ಲ.

ಅತ್ತೆ ಗಂಗವ್ವ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ನನ್ನ ಅಂಗಿಯನ್ನು ನೋಡಿ, “ಅಳಿಯಾರ ಬಾಳ ದುಡದ ಬಂದಾರ” ಎಂದು ಸೆರಗಿನಲ್ಲಿ ನಕ್ಕರು. ಮಧ್ಯಾಹ್ನದಿಂದ ನಾವು ಕೆಲಸಕ್ಕೆ ಕುಳಿತೆವು. ಮೊದಲು ಹೊಳೆಯಿಂದ ತಂದ ದಪ್ಪ ಕಲ್ಲು, ಮೇಲೆ ಖಡಿ, ಅದರ ಮೇಲೆ ತೊಳೆದ ಇದ್ದಿಲು, ಉಸುಕು, ಕೊನೆಗೆ ಹತ್ತಿಯ ಕಸ. ಪ್ರತಿ ಪದರಿಗೂ ನಾನು ಗೇಣು ಹಾಕಿ ಅಳೆದೆ. ಶಿವಪುತ್ರಪ್ಪನ ಗೇಣು ನನ್ನ ಗೇಣಿಗಿಂತ ದೊಡ್ಡದಿತ್ತಲ್ಲ ಎಂದು ನೆನಪಾಗಿ, ಒಮ್ಮೆ ತುಂಬಿದ್ದನ್ನೆಲ್ಲ ತೆಗೆಸಿ ಮತ್ತೆ ತುಂಬಿಸಿದೆ. ಮಲ್ಲೇಶಿ ಮತ್ತೆ ಬುಟ್ಟಿ ಎತ್ತಿದ. ಅವನ ಹೆಂಡತಿ ಮಾತ್ರ ಒಳಗಿಂದ, “ಅಕ್ಕ ಇವರ ಜೋಡಿ ಹೆಂಗ ಬಾಳೇ ಮಾಡತಾಳೋ ಏನೋ” ಎಂದದ್ದು ಕೇಳಿಸಿತು.

ಭಾನುವಾರ ಮೊದಲ ಸಲ ನೀಲಿ ನೀರು ಬಿಟ್ಟೆವು. ಮೊದಲು ಕಪ್ಪು ನೀರು ಬಂತು, ಆಮೇಲೆ ಕಂದು, ಆಮೇಲೆ ತೆಳು ನೀಲಿ. ಸಂಜೆಯ ಹೊತ್ತಿಗೆ ಕಾಲುವೆಯ ಕಡೆಯ ನಳಿಕೆಯಿಂದ ತಿಳಿನೀರು! ಮಲ್ಲೇಶಿ ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದ. ಅದರ ಆಚೆ ಹೊಳೆಯ ದಂಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ನನ್ನ ಕೈ ಹಿಡಿದುಕೊಂಡ. ನನಗೂ ಹಿಗ್ಗಾಯಿತು, ಸುಳ್ಳೇಕೆ. ಆ ರಾತ್ರಿ ಊಟಕ್ಕೆ ಕುಳಿತಾಗ ನಾನು ಮತ್ತೆ ಗೋಡೆಗೆ ಒರಗಿದೆ.

ಸೋಮವಾರ ಮುಂಜಾನೆ ಕೆಳಗಿನ ಊರಿನವರು ಬಂದರು. ಅವರಲ್ಲಿ ಮುಖ್ಯರು ಇಬ್ಬರು: ಹಿರಿಯರಾದ ದ್ಯಾಮಣ್ಣಜ್ಜ, ಪಂಚಾಯತಿಯ ಸದಸ್ಯೆ ನೀಲವ್ವ. ಅಜ್ಜ ಬಡಿಗೆ ಊರಿಕೊಂಡು ಕಟ್ಟೆಯ ಮೇಲೆ ಕುಳಿತರು. ನೀಲವ್ವ ಕುಳಿತುಕೊಳ್ಳಲಿಲ್ಲ, ಚಹಾನೂ ಬೇಡವೆಂದಳು. “ಮೊದಲ ನೀರು ತೋರಸ್ರಿ. ಚಾ ಆಮ್ಯಾಲ.”

ಮಲ್ಲೇಶಿ ಅವರ ಕಣ್ಣೆದುರಿಗೇ ನೂಲಿನ ಲಡಿಗಳನ್ನು ಹಂಡೆಯಿಂದ ಎತ್ತಿ, ತೊಳೆದು, ಗಾಢ ನೀಲಿ ನೀರನ್ನು ತೊಟ್ಟಿಗೆ ಬಿಟ್ಟ. ಎಲ್ಲರೂ ನಳಿಕೆಯ ಬಾಯಿಗೆ ಬಂದು ನಿಂತರು. ನಾನು ಒಳಗೊಳಗೇ ಕಿತ್ತೂರನ್ನು, ಸವದತ್ತಿಯನ್ನು ನೆನೆದೆ. ನೀರು ಬಂತು. ತಿಳಿ! ಗುಂಪಿನಲ್ಲಿ ಗುಜುಗುಜು ಎದ್ದಿತು. ದ್ಯಾಮಣ್ಣಜ್ಜ ಬಗ್ಗಿ ನೋಡಿ, “ಬಾಳ ಛಲೋ ಆತಲ್ಲೋ ತಮ್ಮಾ!” ಎಂದರು.

ಆಗಲೇ ನಮ್ಮತ್ತೆ ತಟ್ಟೆ ಹಿಡಿದು ಹಿತ್ತಲಿಗೆ ಬಂದದ್ದು. ಹೊಸ ಸೈಕಲ್ಲಿಗೆ, ಹೊಸ ಒಲೆಗೆ, ಮಗ್ಗಕ್ಕೆ ಕೂಡಿಸಿದ ಹೊಸ ಲಾಳಿಗೆ ಕೂಡ ಪೂಜೆ ಮಾಡದೆ ಮುಟ್ಟುವ ಮನೆಯಲ್ಲ ಅದು. ಇಷ್ಟು ದೊಡ್ಡ ತೊಟ್ಟಿಯನ್ನು ಹಾಗೆಯೇ ಬಿಟ್ಟಾರೆಯೇ? ಊದಿನಕಡ್ಡಿ ಬೆಳಗಿದರು, ಕಾಯಿ ಒಡೆದರು, ಎಲ್ಲಮ್ಮನ ಹೆಸರೆತ್ತಿ ಕೈತುಂಬ ಭಂಡಾರವನ್ನು, ಅಂದರೆ ಅರಿಷಿಣದ ಪುಡಿಯನ್ನು, ನಳಿಕೆಯ ಬಾಯಿಗೆ ಉಧೋ ಎಂದು ತೂರಿದರು.

ನೀರು ಕೆಂಪಾಯಿತು.

ಹಳದಿಯಲ್ಲ, ಕೆಂಪು. ಕುರಿ ಕೊಯ್ದಂತೆ. ಕಾಲುವೆಯುದ್ದಕ್ಕೂ ಅದು ಹೊಳೆಯ ಕಡೆ ಜಾರಿತು. ಆಮೇಲೆ ದ್ಯಾಮಣ್ಣಜ್ಜ ಕೈ ಮುಗಿದರು. “ಕುಂಕುಮಾನೂ ಹಾಕಿದ್ರೇನವಾ ಗಂಗವ್ವಾ? ಬೇಸಾತು. ದೇವರ ಕೆಲಸ ಇದು.”

ನಾನು “ಹೌದ್ರೀ ಅಜ್ಜಾರ” ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಅರಿಷಿಣ ಹತ್ತಿದ ಅಂಗಿಗೆ ಸಾಬೂನು ಹಚ್ಚಿದರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಮನೆಯಲ್ಲಿ ಗೊತ್ತಿಲ್ಲ? ಅರಿಷಿಣದ ಹಳದಿ ಸೋಡಾ ತಾಗಿದರೆ ಕೆಂಪಾಗುತ್ತದೆ. ಬಣ್ಣ ನೂಲಿಗೆ ಹಿಡಿಯಲೆಂದು ಮಲ್ಲೇಶಿ ಹಂಡೆಗೆ ಸುರಿಯುವ ಕಾಸ್ಟಿಕ್ ಸೋಡಾ, ನನ್ನ ಕಲ್ಲು, ಇದ್ದಿಲು, ಉಸುಕು ಎಲ್ಲವನ್ನೂ ದಾಟಿ ಕಣ್ಣಿಗೆ ಕಾಣದಂತೆ ಹೊಳೆಗೆ ಹೋಗುತ್ತಿತ್ತು. ದೂರು ಬಣ್ಣದ್ದಾಗಿತ್ತು, ನಾವು ಬಣ್ಣಕ್ಕೇ ಉಪಾಯ ಹುಡುಕಿದ್ದೆವು. ಎಮ್ಮೆಗಳು ಮಾತ್ರ ಬಣ್ಣಕ್ಕೆ ಮುನಿದಿರಲಿಲ್ಲ.

ಆದರೆ ಅಜ್ಜ ತಾವೇ ಒಂದು ದಾರಿ ತೆರೆದುಕೊಟ್ಟಿದ್ದರು. ಕುಂಕುಮ ಎಂದುಬಿಟ್ಟರೆ ಮುಗಿಯಿತು. ಚಹಾ ಕುಡಿದು ಹೋಗುತ್ತಾರೆ, ಮಲ್ಲೇಶಿ ಮನೆಯಲ್ಲಿ ಉಳಿಯುತ್ತಾನೆ. ನಾನು ಮಲ್ಲೇಶಿಯ ಮುಖ ನೋಡಿದೆ. ಅವನು ಕಾಲುವೆಯನ್ನು ನೋಡುತ್ತಿದ್ದ.

“ಕುಂಕುಮ ಅಲ್ರೀ ಅಜ್ಜಾ,” ಎಂದ. “ಬರೇ ಭಂಡಾರ. ನಮ್ಮವ್ವನ ತಟ್ಟಿ ನೋಡ್ರಿ ಬೇಕಾದ್ರ.”

ಗಂಗವ್ವ ತಟ್ಟೆ ಕುಕ್ಕಿದ ರಭಸಕ್ಕೆ ಮೇಲಿನ ಕಾಯಿ ಉರುಳಿತು. “ಯಾಕ ಹೇಳತೀಯೋ ನಿನ್ನ ಬಾಯಿ ಸೇದ್ಹೋಗ್ಲಿ” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ನೀಲವ್ವ ಮುಂದೆ ಬಂದಳು. ಕೆಂಪು ನೀರಿನಲ್ಲಿ ಬೆರಳದ್ದಿ, ಹೆಬ್ಬೆರಳಿಗೆ ತಿಕ್ಕಿ ನೋಡಿದಳು. “ಜಾರತೈತಿ. ಸೋಡಾ ಅದರಾಗ.”

“ಹೌದ್ರೀ ಅಕ್ಕಾರ.”

“ದಿನಾ ಇದ್ದದ್ದೇನು?”

“ದಿನಾ ಇದ್ದದ್ದು. ನಾನು ಆ ಕಡೆ ಲಕ್ಷ್ಯ ಕೊಡಲಿಲ್ಲ.”

ಗುಂಪು ಒಡೆದು ಹತ್ತು ಮಾತಾಯಿತು. ಹುಣಸೆಹಣ್ಣು ಕಿವಿಚಿ ಹಾಕಿದರೆ ಸೋಡಾ ಸಾಯುತ್ತದೆ ಎಂದ ಒಬ್ಬ. ಹುಳಿ ಮಜ್ಜಿಗೆ ಎಂದ ಇನ್ನೊಬ್ಬ. “ಹೊಳೀ ತುಂಬ ಸಾರು ಮಾಡತೀರೇನ್ರೋ!” ಎಂದು ಮತ್ತೊಬ್ಬ ಗದರಿದ. ನಾನು ಆಮ್ಲ, ಪ್ರತ್ಯಾಮ್ಲ ಎಂದು ಏನೋ ವಿವರಿಸಲು ಹೋದೆ. ಯಾರೂ ಕೇಳಲಿಲ್ಲ, ಪುಣ್ಯಕ್ಕೆ. ದ್ಯಾಮಣ್ಣಜ್ಜ ಬಡಿಗೆಯನ್ನು ನೆಲಕ್ಕೆ ಕುಟ್ಟಿದರು. ಅವರ ಮುಖ ಸಣ್ಣದಾಗಿತ್ತು. “ಖರೆ ಹೇಳಿದಿ ತಮ್ಮಾ, ಅದಕ್ಕ ನಿನ್ನ ಮೆಚ್ಚತೇನಿ. ಆದ್ರ ಮಾತು ಮಾತೇ. ನೀರು ಚೊಕ್ಕ ಇಲ್ಲಂದ್ರ ಕೊಟ್ಟಿಗಿ ಬಂದ್ ಅಂದಿದ್ವಿ.”

ಮಲ್ಲೇಶಿ ತಲೆಯಾಡಿಸಿದ. ಒಳಗೆ ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನೀಲವ್ವ ಇನ್ನೂ ಬೆರಳು ತಿಕ್ಕುತ್ತಲೇ ಇದ್ದಳು. “ಸೋಡಾ ಯಾತಕ್ಕ ಹಾಕತೀ?” ಎಂದು ಕೇಳಿದಳು.

“ಬಣ್ಣ ಕೂಡಾಕ. ಮತ್ತ ಬಣ್ಣ ಕಾಣದ ಕೋರಾ ನೂಲು ಕುದಸಾಕ. ಅದರ ಜಿಡ್ಡು ಹೋಗಬೇಕಲ್ರಿ.”

“ಅದು ಪ್ಯಾಟ್ಯಾಗ ಪುಕ್ಕಟ ಕೊಡತಾರೇನು?”

“ಎಲ್ಲಿ ಪುಕ್ಕಟ್ರೀ ಅಕ್ಕಾರ!”

“ಮತ್ತ ರೊಕ್ಕಾ ಕೊಟ್ಟು ತಂದು ನಮ್ಮ ಎಮ್ಮಿಗೆ ಯಾಕ ಕುಡಸತೀ? ನಿನ್ನ ಸೋಡಾ ನೀನ ಇಟ್ಕೋ. ಈ ತಿಳಿ ನೀರಾಗ ನಾಳೀ ನೂಲು ಕುದಸು.” ಆಕೆ ಅಜ್ಜನ ಕಡೆ ತಿರುಗಿದಳು. “ಬಂದ್ ಆಗಬೇಕಾದ್ದು ಕೊಟ್ಟಿಗಿ ಅಲ್ರೀ ಅಜ್ಜಾ. ಹೊಳೀಗೆ ಹೋಗೂ ಈ ಕಾಲುವಿ ಬಾಯಿ.”

ಅಜ್ಜ ಕಾಲುವೆಯ ಹತ್ತಿರ ಬಂದರು. ಆಮೇಲೆ ಬಡಿಗೆಯಿಂದಲೇ ದಂಡೆಯ ಒಂದು ಮಣ್ಣಿನ ಹೆಂಟೆಯನ್ನು ಕಾಲುವೆಯ ಬಾಯಿಗೆ ತಳ್ಳಿದರು. ಅದೇ ಅವರ ತೀರ್ಪು. ಮಲ್ಲೇಶಿ ಕೆಳಗೆ ಕುಳಿತು ಎರಡೂ ಕೈಯಿಂದ ಕೆಸರು ತುಂಬಿದ. ಕೆಳಗಿನ ಊರಿನ ಇಬ್ಬರು ಇಳಿದು ಕಲ್ಲು ಕೊಟ್ಟರು. ಬಾಯಿ ಮುಚ್ಚಿತು. ನೀಲವ್ವ ಕೈ ತೊಳೆದು ಕಟ್ಟೆಗೆ ಬಂದು, “ಈಗ ಚಾ ಮಾಡ್ರಿ” ಎಂದಳು.

ಮರುದಿನ ಆ ನೀರಿನಲ್ಲಿ ಕೋರಾ ನೂಲು ಕುದಿಸಿದೆವು. ಜಿಡ್ಡು ಹೋಯಿತು, ಆದರೆ ನೂಲಿಗೆ ತುಸು ನೀಲಿ ಛಾಯೆ ಕುಳಿತಿತ್ತು. ಸೀರೆಯ ಬಿಳಿ ದಡಿಗೆ ನಡೆಯುವುದಿಲ್ಲ, ಬಣ್ಣದ್ದಕ್ಕೆ ನಡೆಯುತ್ತದೆ ಎಂದ ಮಲ್ಲೇಶಿ. ಬಿಳಿಯ ಕೆಲಸ ಕೈಬಿಟ್ಟಂತೆಯೇ. ತೊಟ್ಟಿ ಇಳಿಜಾರ ಕೆಳಗಿತ್ತು, ಹಂಡೆ ಮೇಲಿತ್ತು. ಇಷ್ಟು ದಿನ ತಾನಾಗಿ ಹರಿದು ಹೋಗುತ್ತಿದ್ದ ನೀರನ್ನು ಇನ್ನು ನಳಿಕೆಗೆ ಕೊಡ ಹಿಡಿದು ಮೇಲೆ ಹೊರಬೇಕು. ಅತ್ತೆ ನನ್ನೊಡನೆ ನೇರ ಮಾತಾಡಲಿಲ್ಲ, ಗೋಡೆಗೆ ಹೇಳಿದರು, “ತೊಟ್ಟೀನ ಮ್ಯಾಲ ಕಟ್ಟಸ್ರಿ ಅಂತ ಶಾಣ್ಯಾರೊಬ್ಬರು ಹೇಳಿದ್ರ ಆಗತಿತ್ತು.”

ಬುಧವಾರ ನಾನು ಹೊರಟೆ. ಮಲ್ಲೇಶಿ ಬಸ್‌ಸ್ಟ್ಯಾಂಡಿನವರೆಗೂ ಬಂದ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೆ, ಎರಡು ದಿನದಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ತಡೆಯಲಾಗಲಿಲ್ಲ.

“ಮಲ್ಲೇಶಿ, ಆ ಇದ್ದಲಿ ಪೂರಾ ನೀಲಿ ಆದ ಮ್ಯಾಲ ಅದನ್ನ ಎಲ್ಲಿ ಹಾಕತೀ?”

ಅವನು ಕಿಟಕಿಯ ಸರಳು ಹಿಡಿದುಕೊಂಡ. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. “ಅದನ್ನ ನೆನಸಿ ನನಗ ರಾತ್ರೆಲ್ಲ ನಿದ್ದಿ ಹತ್ತಿಲ್ರಿ ಮಾಮಾ. ಹೊಲಕ್ಕ ಹಾಕಾಕ ಆಗಂಗಿಲ್ಲ, ಸುಟ್ರ ಹೊಗಿ. ಏನ ಮಾಡ್ಲಿ ಹೇಳ್ರಿ?”

ಬಸ್ಸು ಹೊರಟಿತು. ಅವನು ಅಲ್ಲಿಯೇ ನಿಂತು, ನೀಲಿ ಕೈಯಿಂದ ತಲೆ ಕೆರೆಯುತ್ತ, ಏನನ್ನೋ ಲೆಕ್ಕ ಹಾಕುತ್ತಿದ್ದ. ಬಸ್ಸಿಗೆ ಕೈ ಮಾಡುವುದನ್ನೂ ಮರೆತಿದ್ದ.

ಹೊಳೆಯ ಸೇತುವೆಯ ಮೇಲೆ ನಾನು ಹಿಂದಿರುಗಿ ನೋಡಿದೆ. ದೂರದಲ್ಲಿ ತಗಡಿನ ಕೊಟ್ಟಿಗೆ ಮಿಂಚುತ್ತಿತ್ತು. ಇಳಿಜಾರಿನಲ್ಲಿ ಇಬ್ಬರು ಹೆಂಗಸರು ತಲೆಯ ಮೇಲೆ ಕೊಡ ಹೊತ್ತು, ಹೊಳೆಗೆ ಬೆನ್ನು ಮಾಡಿ ಮೇಲಕ್ಕೆ ಹತ್ತುತ್ತಿದ್ದರು. ಮುಂದಿನವರು ಅತ್ತೆಯೇ. ನನ್ನದೊಂದು ಚಿಂತೆಯನ್ನು ಪಾಪದ ಹುಡುಗನ ತಲೆಗೆ ಹೊರಿಸಿ ಬಂದೆನಲ್ಲ ಎಂದು ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಒಬ್ಬನೇ ಹೊತ್ತದ್ದನ್ನು ಮೊದಲ ಸಲ ಇನ್ನೊಬ್ಬರು ಒಂದು ಬದಿಗೆ ಹಿಡಿದಂತಾಗಿ, ಮುನವಳ್ಳಿ ಬರುವವರೆಗೆ ನಾನು ಒಳ್ಳೇ ನಿದ್ದೆ ಮಾಡಿದೆ.